ಮೈಲೇಜ್ ಎಷ್ಟ ಕೊಡತೈತ್ರಿ?

ಇವತ್ತು ಬೆಳಿಗ್ಗೆ ಏಳೂವರೆಗೆ ಕೊತ್ತಂಬರಿ ತರಲು ಹೊರಟವನು ಮನೆ ಮುಟ್ಟಿದ್ದು ಹನ್ನೊಂದಕ್ಕೆ. ಸಂತೆ ಇರುವುದು ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ. ನಡುವೆ ಹೆಂಡತಿಯ ಫೋನ್ ಬಂತು. "ಎಲ್ಲಿದ್ದೀರಿ?" ಅಂದಳು. "ಕುರಿಗಳ ಹಿಂದೆ" ಅಂದೆ. ಇದ್ದದ್ದು ಅಲ್ಲೇ. ಆ ಕಡೆಯಿಂದ ಮಾತಿಲ್ಲದೆ ಫೋನ್ ಕಟ್ಟಾಯಿತು.

ಬೈಕನ್ನು ಮಗ ಒಯ್ದಿದ್ದ. ಕುದುರೆಯನ್ನು ಹೇಗೂ ದಿನಾ ನಡೆಸಬೇಕು. ಹೋದ ವರ್ಷ ಅದಕ್ಕೆ ಹೊಟ್ಟೆಶೂಲೆ ಬಂದಾಗ ದನದ ಡಾಕ್ಟರು ಹೇಳಿದ್ದರು: "ನಿಂತಲ್ಲೇ ನಿಲ್ಲಿಸಬ್ಯಾಡ್ರಿ. ಕುದುರಿಗೆ ವಾಂತಿ ಮಾಡಾಕ ಬರಂಗಿಲ್ಲ. ಒಳಗ ಹೋದದ್ದು ಹಿಂದಿನ ಬಾಗಿಲಿಂದನ ಬರಬೇಕು." ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸುದ್ದಿ ಪೇಪರಿನದಲ್ಲ, ಹಿಂದಿನ ಬಾಗಿಲಿನದು. ಚಹಾ ಕುಡಿಯುವಾಗಲೇ ಅಪ್ಪ ವರದಿ ಕೊಡುತ್ತಾರೆ. ಎಷ್ಟು ಸಲ, ಎಂಥದು, ಬಣ್ಣ ಹೇಗೆ. ಒಂದು ಕಾಲಕ್ಕೆ ಈ ಮನೆಯಲ್ಲಿ ಚಹಾದ ಜೊತೆ ಬಿಸ್ಕಿಟ್ ತಿನ್ನುತ್ತಿದ್ದೆವು.

ನಾನು ಬರೆಯಬೇಕೆಂದು ಕೂತದ್ದು ಕುದುರೆಯಿಂದ ನಾನು ಕಲಿತ ಒಂದು ವಿಷಯದ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಮೈಲೇಜಿನವರದೊಂದು ಮುಗಿಸಿಬಿಡೋಣ.

ಬಸ್‌ಸ್ಟ್ಯಾಂಡಿನ ಹೋಟೆಲ್ ಮುಂದೆ ಹಾದುಹೋದರೆ ಸಾಕು, ಕಟ್ಟೆಯ ಮೇಲಿಂದ ಒಬ್ಬನಾದರೂ ಕೇಳುತ್ತಾನೆ, "ಸರ, ಮೈಲೇಜ್ ಎಷ್ಟ ಕೊಡತೈತ್ರಿ?" ನಾಲ್ಕು ವರ್ಷದಿಂದ ಅದೇ ಜೋಕು. ಕೇಳಿದವನು ತಾನೇ ಮೊದಲು ಕೇಳುತ್ತಿದ್ದೇನೆ ಎಂಬಂತೆ ನಗುತ್ತಾನೆ. ಕೂತವರೂ ಇವತ್ತೇ ಮೊದಲು ಕೇಳಿದಂತೆ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ಹುರುಳಿ, ಮೇವು, ನೀರು ಅಂತ ಲೆಕ್ಕ ಹಾಕಿ ಗಂಭೀರವಾಗಿ ಉತ್ತರ ಕೊಡುತ್ತಿದ್ದೆ. ಗಣಿತದ ಮೇಷ್ಟ್ರು ನಾನು, ಚಟ ಬಿಡಲ್ಲ. ಈಗ ಸುಮ್ನೆ ಮುಂದೆ ಹೋಗುತ್ತೇನೆ, ಕುದುರೆ ಒಪ್ಪಿದರೆ. ಅದು ಒಪ್ಪುವುದಿಲ್ಲ. ಹೋಟೆಲಿನವನು ಒಮ್ಮೆ ಬೆಲ್ಲದ ಚೂರು ಕೊಟ್ಟಿದ್ದಾನೆ.

ಎರಡನೇ ಪ್ರಶ್ನೆ, "ಎಷ್ಟಕ್ಕ ತಗೊಂಡ್ರಿ?" ಎರಡು ಚೀಲ ಜೋಳ ಮತ್ತು ಒಂದಿಷ್ಟು ರೊಕ್ಕ ಅಂದರೆ ಯಾರೂ ನಂಬುವುದಿಲ್ಲ. ಜಾಸ್ತಿ ಆಯಿತು ಅಂತ ಅರ್ಧ ಜನ, ಕಮ್ಮಿ ಆಯಿತು ಅಂತ ಅರ್ಧ ಜನ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಅವನಿಗಿಂತ ಹಿಂದೆ ಅಲ್ಲಿ ಆಳಿದ್ದ ಅರಸ ಸಾಳುವ ನರಸಿಂಹ ಸಾವಿರ ಪರ್ದಾವಿಗೆ (ಆ ಕಾಲದ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲೇ ಸತ್ತ ಕುದುರೆಗಳ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ರೇಟೇ ಕೊಡುತ್ತಿದ್ದನಂತೆ. ಇದನ್ನು ಓದಿದ ದಿನ ನನಗೆ ನಮ್ಮ ಎಮ್ಮೆ ನೆನಪಾಯಿತು. ವಿಮೆ ಮಾಡಿಸಿ, ಕಿವಿಗೆ ಬಿಲ್ಲೆ ಹೊಡೆಸಿದ್ದ ಎಮ್ಮೆ. ಅದು ಸತ್ತಾಗ ಬಿಲ್ಲೆ ತನ್ನಿ ಅಂದರು. ಬಿಲ್ಲೆ ಯಾವಾಗಲೋ ಬೇಲಿಯಲ್ಲಿ ಉದುರಿಹೋಗಿತ್ತು. ಎಮ್ಮೆ ಇಡೀ ಅಂಗಳದಲ್ಲಿ ಬಿದ್ದಿದೆ, ಬಂದು ನೋಡಿ ಅಂದೆ. ಬಿಲ್ಲೆ ಇಲ್ಲದ ಎಮ್ಮೆ ಎಮ್ಮೆಯಲ್ಲ ಅಂದರು. ಸಾಳುವ ನರಸಿಂಹನಿಗೆ ಬಾಲ ಸಾಕಾಗಿತ್ತು. ಅಷ್ಟು ಹೇಳಿ ಸುಮ್ಮನಾಗುತ್ತೇನೆ, ಇಲ್ಲದಿದ್ದರೆ ಬಿ.ಪಿ. ಏರುತ್ತೆ.

ಕುದುರೆ ಅಂದಕೂಡಲೇ ನೀವು ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನದನ್ನು ನೆನೆಸಿಕೊಳ್ಳಬೇಡಿ. ನಮ್ಮದು ಕುಳ್ಳಿ. ಕಂದು ಬಣ್ಣ, ಹೊಟ್ಟೆ ದೊಡ್ಡದು, ಕಣ್ಣಲ್ಲಿ ಸದಾ ಏನೋ ಲೆಕ್ಕ ತಪ್ಪಿದವರ ನೋಟ. ಜೀನಿಲ್ಲ, ರಿಕಾಪಿಲ್ಲ. ಕಂಬಳಿ ಮಡಚಿ ಹಾಕಿ, ಹಗ್ಗ ಬಿಗಿದು ಕೂರುತ್ತೇನೆ. ಕಾಲು ಚಾಚಿದರೆ ನೆಲ ಇನ್ನೇನು ಸಿಕ್ಕೇಬಿಡುತ್ತದೆ. ಇಂಥದನ್ನು ಮೊನ್ನೆ ಬೀಗರೊಬ್ಬರು ಮಗನ ಮದುವೆಯ ಮೆರವಣಿಗೆಗೆ ಕೇಳಿದರು. ಎದೆ ಅದುರುವ ಡಿಜೆ ಮುಂದೆ ಇದನ್ನು ಮೂರು ತಾಸು ನಿಲ್ಲಿಸುವುದಂತೆ. ಆಗಲ್ಲ ಅಂದೆ. "ಇರಲಿ ಬಿಡ್ರಿ, ಬಿಳೀದ್ ಇದ್ದಿದ್ರ ಛಲೋ ಆಗತಿತ್ತು" ಅಂದು ನಮ್ಮ ಮನೆಯ ಚಹಾ ಕುಡಿದು ಹೋದರು. ಆ ಮದುವೆಗೆ ನಾನು ಹೋಗಲಿಲ್ಲ.

ಇದು ನಮ್ಮ ಮನೆಗೆ ಬಂದದ್ದು ಕುರಿಗಾರರಿಂದ. ಬೆಳಗಾವಿ ಜಿಲ್ಲೆಯ ನಮ್ಮ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾರೆ. ರಾತ್ರಿಯಿಡೀ ಕುರಿ ನಿಂತರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಜೋಳ ಇಲ್ಲವೇ ದುಡ್ಡು. ನಾಲ್ಕು ವರ್ಷದ ಹಿಂದೆ ನಮ್ಮ ಹೊಲದಲ್ಲಿ ಒಂದು ಕುಟುಂಬ ಐದು ರಾತ್ರಿ ಇತ್ತು. ಆರನೇ ದಿನ ನಸುಕಿನಲ್ಲಿ ಅವರು ಹೊರಡುವುದನ್ನು ನಾನು ಬದುವಿನ ಮೇಲೆ ಕೂತು ನೋಡಿದೆ.

ಎಲ್ಲಾ ಮಾಡಿದ್ದು ಆ ಮನೆಯ ಹೆಂಗಸೇ. ಗಂಡಸರು ಆಗಲೇ ಕುರಿ ಹೊಡೆದುಕೊಂಡು ಮುಂದೆ ಹೋಗಿದ್ದರು. ಕುದುರೆಯ ಬೆನ್ನಿಗೆ ಮೊದಲು ಹರಕು ಕೌದಿ ಎರಡು ಮಡಿಕೆ. ಅದರ ಮೇಲೆ ಅತ್ತ ಒಂದು, ಇತ್ತ ಒಂದು ಚೀಲ. ಎಡಗಡೆ ಹಿಟ್ಟು, ಬಲಗಡೆ ಜೋಳ. ತೂಕ ಸರಿಯಾಗಲಿಲ್ಲ ಅಂತ ಒಂದು ಕಲ್ಲನ್ನು ಎತ್ತಿ ಹಿಟ್ಟಿನ ಕಡೆ ತುರುಕಿದಳು. ಆಮೇಲೆ ಕುರಿಗೆ ಸುತ್ತಲೂ ಕಟ್ಟುವ ಬಲೆ, ಅದರ ಗೂಟಗಳು. ಗಡಿಗೆ, ತವೆ, ಬುಟ್ಟಿಯೊಳಗೆ ಮೂರು ಕೋಳಿ. ಹಿಂದಿನ ರಾತ್ರಿ ಹುಟ್ಟಿದ ಎರಡು ಮರಿಗಳನ್ನು ಜಾಳಿಗೆಯೊಳಗೆ ತಲೆ ಮಾತ್ರ ಹೊರಗಿರುವಂತೆ ಇಳಿಬಿಟ್ಟಳು. ಇಷ್ಟೆಲ್ಲಾ ಆದ ಮೇಲೆ, ಇನ್ನು ಮುಗಿಯಿತು ಅಂದುಕೊಳ್ಳುವಾಗ, ಅಳುತ್ತಿದ್ದ ಎರಡು ವರ್ಷದ ಕೂಸನ್ನು ಎತ್ತಿ ಎಲ್ಲದರ ತುದಿಗೆ ಕೂರಿಸಿದಳು. ಕೂಸು ಅಳು ನಿಲ್ಲಿಸಿ ಬಲೆಯ ಹಗ್ಗ ಹಿಡಿದುಕೊಂಡಿತು. ಕುದುರೆ ಈ ಹೊತ್ತಿನಲ್ಲಿ ಒಂದು ಹೆಜ್ಜೆ ಅಲುಗಿರಲಿಲ್ಲ. ಒಂದು ಸಂಸಾರ ಖಾಲಿಯಾಗಲು ಅರ್ಧ ತಾಸು. ನಾವು ಯಲ್ಲಮ್ಮನ ಗುಡ್ಡಕ್ಕೆ ಒಂದು ದಿನ ಹೋಗಿಬರಲು ಎರಡು ದಿನ ಬ್ಯಾಗ್ ತುಂಬುತ್ತೇವೆ, ಆದರೂ ಉಪ್ಪಿನಕಾಯಿ ಮನೆಯಲ್ಲೇ ಉಳಿದಿರುತ್ತೆ.

ಅವರ ಇನ್ನೊಂದು ಕುದುರೆ ಕುಂಟುತ್ತಿತ್ತು. ಗೊರಸಿನಲ್ಲಿ ಹುಣ್ಣು. "ಯಪ್ಪಾ, ಇದು ಇಲ್ಲೇ ಇರಲಿ, ಹೊಳ್ಳಿ ಬಂದಾಗ ಒಯ್ತೀವಿ" ಅಂದಳು ಅಪ್ಪನಿಗೆ. ಅಪ್ಪ ಆಯ್ತವ್ವಾ ಅಂದರು. ಅವ್ವ ಮಾತ್ರ ಕುದುರೆಯ ಸುತ್ತ ಎರಡು ಸಲ ತಿರುಗಿ, ಕೂದಲಿನ ಸುಳಿ ನೋಡಿ, "ಸುಳಿ ಛಲೋ ಇಲ್ಲ" ಅಂದಳು. ಅವ್ವ ಈ ಮಾತನ್ನು ಇಬ್ಬರು ಸೊಸೆಯರು ಬಂದಾಗಲೂ ಹೇಳಿದ್ದಳು, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಅವರು ಹೊಳ್ಳಿ ಬಂದಾಗ ಕುದುರೆ ಹುರುಳಿ ತಿಂದು ಗುಂಡಗಾಗಿತ್ತು. ಆ ಹೆಂಗಸು ಅದರ ಬೆನ್ನು ತಟ್ಟಿ ನೋಡಿ ನಕ್ಕಳು. "ಮನಿ ಕಂಡ ಕುದುರಿ ಆತಿದು. ಇನ್ನ ನಮ್ಮ ಸಂಗಾಟ ಬರಂಗಿಲ್ಲ." ಎರಡು ಚೀಲ ಜೋಳದ ವ್ಯವಹಾರ ಆದದ್ದು ಆಗ.

ಆಕೆ ಹೇಳಿದ್ದು ಪೂರಾ ಸುಳ್ಳು. ಈ ಕುದುರೆ ಕುರಿ ಕಂಡರೆ ಸಾಕು, ಹೋಗುತ್ತದೆ. ಸಂತೆಯ ದಾರಿಯಲ್ಲಿ ಇವತ್ತು ಒಂದು ಹಿಂಡು ಅಡ್ಡ ಬಂತು. ನಾನು ಲಗಾಮು ಎಡಕ್ಕೆ ಎಳೆದೆ, ಅದು ಬಲಕ್ಕೆ ತಿರುಗಿತು. ಬೈದೆ. ಕಿವಿ ಹಿಂದಕ್ಕೆ ಮಾಡಿ ಕೇಳಿಸಿಕೊಂಡಿತು, ನಿಲ್ಲಲಿಲ್ಲ. ಹಿಂಡಿನ ಹಿಂದೆ ಹತ್ತು ಮಾರು ಬಿಟ್ಟು, ತಲೆ ತಗ್ಗಿಸಿ, ಸರಿಯಾದ ವೇಗದಲ್ಲಿ ಎರಡು ಊರು ದಾಟಿತು. ಕುರಿ ನಿಂತರೆ ನಿಂತಿತು, ಹೊರಟರೆ ಹೊರಟಿತು. ಆ ಕುರಿಗಾರ ತಿರುಗಿ ನೋಡಿ "ಯಾವೂರ್ರಿ ನಿಮ್ದು?" ಅಂದ. ನಾನು ಸಾಮಾನು, ಅವನಿಗೆ ಅದು ಗೊತ್ತಾಗಿತ್ತು ಅನಿಸುತ್ತೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ಹಾಡಿನ ಬಾಕ್ಸು, ಜೊತೆಗೆ ಹಾರ್ನು. ಹಾರ್ನ್ ಹೊಡೆದರೆ ಕುರಿ, ಕುದುರೆ, ಮೇಷ್ಟ್ರು ಎಲ್ಲರೂ ಆವಿಯಾಗುತ್ತಾರೆ ಅಂತ ಈ ಹುಡುಗರಿಗೆ ಹೇಳಿಕೊಟ್ಟವರು ಯಾರೋ. ನನ್ನ ಹಳೇ ವಿದ್ಯಾರ್ಥಿಯೇ ಇದ್ದರೂ ಇರಬಹುದು.

ಇನ್ನೊಂದಿದೆ. ಮನೆಯಲ್ಲಿ ಯಾರಾದರೂ ಬ್ಯಾಗ್ ತುಂಬಿ ಅಂಗಳದಲ್ಲಿಟ್ಟರೆ ಇದು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಎದುರಿಗಲ್ಲ, ಅಡ್ಡಕ್ಕೆ, ಬೆನ್ನು ಬ್ಯಾಗಿನ ಕಡೆ ಬರುವಂತೆ. ಹೋದ ತಿಂಗಳು ಮಗಳು ರಜೆ ಮುಗಿಸಿ ಧಾರವಾಡದ ಹಾಸ್ಟೆಲಿಗೆ ಹೊರಟಾಗಲೂ ಹಾಗೇ ನಿಂತಿತು. ಆಟೋದವನು ಹಾರ್ನ್ ಹೊಡೆದ. ಅದು ಸರಿಯಲಿಲ್ಲ. ಮಗಳು ನಗುತ್ತಾ ರೊಟ್ಟಿಯ ಗಂಟನ್ನು ಒಂದು ಗಳಿಗೆ ಅದರ ಬೆನ್ನ ಮೇಲಿಟ್ಟು, ಆಮೇಲೆ ತೆಗೆದುಕೊಂಡಳು. ಆಗ ಸರಿದು ದಾರಿ ಬಿಟ್ಟಿತು.

ಕಲಿತ ವಿಷಯ ಹೇಳುತ್ತೇನೆ ಅಂದಿದ್ದೆ, ಅಲ್ವಾ. ಅಡುಗೆಮನೆಯಿಂದ ಮತ್ತೆ ಕೊತ್ತಂಬರಿಯ ವಿಚಾರಣೆ ಶುರುವಾಗಿದೆ. ನಾನು ತಂದಿದ್ದೆ, ಸುಳ್ಳಲ್ಲ. ಮೂರನೇ ಊರಿನಲ್ಲಿ ಕೊಂಡು, ಹಗ್ಗಕ್ಕೆ ಸಿಕ್ಕಿಸಿ, ಒಂದು ಚಹಾ ಕುಡಿಯಲು ಇಳಿದಿದ್ದೆ. ಈಗ ಹೆಂಡತಿಗೆ ತೋರಿಸಲು ಕಟ್ಟಿದ್ದ ದಾರ ಮಾತ್ರ ಉಳಿದಿದೆ.