ಕನ್ನಡಿಯೊಳಗಿನ ಗುಮ್ಮಟ

ರೋಮ್‌ನಿಂದ ಬಂದು ಎರಡು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲೇ ಕಾರಿಬಿಡುತ್ತೇನೆ.

ಪ್ಯಾಂಥಿಯನ್ ಹತ್ತಿರ ಸಾಂತ್ ಇಗ್ನಾಜಿಯೊ ಅಂತ ಒಂದು ಚರ್ಚ್ ಇದೆ. 1626ರಲ್ಲಿ ಕಟ್ಟಲು ಶುರು ಮಾಡಿದ್ದು. ಒಳಗೆ ಹೋದರೆ ಉದ್ದನೆಯ ಕ್ಯೂ. ಯಾವುದೋ ಸಂತರ ಮೂಳೆ ಇಟ್ಟಿರಬೇಕು ಅಂದುಕೊಂಡೆ. ಕ್ಯೂ ಇದ್ದದ್ದು ಮೂಳೆಗಲ್ಲ, ಒಂದು ಓರೆ ಕನ್ನಡಿಗೆ! ಚಾವಣಿಯ ಚಿತ್ರ ಅದರಲ್ಲಿ ಕಾಣುತ್ತದೆ. ಒಬ್ಬೊಬ್ಬರೇ ಹೋಗಿ, ಕೂದಲು ಸರಿ ಮಾಡಿಕೊಂಡು, ತುಟಿ ಚೂಪು ಮಾಡಿ, ಫೋಟೊ ಹೊಡೆದುಕೊಂಡು ಸೀದಾ ಬಾಗಿಲ ಕಡೆಗೆ. ಅಲ್ಲ ಸ್ವಾಮಿ, ಆ ಚಾವಣಿ ನಿಮ್ಮ ತಲೆ ಮೇಲೇ ಇದೆಯಲ್ಲ!

ತಮಾಷೆ ಕೇಳಿ. ಈ ಚರ್ಚ್‌ಗೆ ಗುಮ್ಮಟವೇ ಇಲ್ಲ. ಕಟ್ಟಲಾಗಲಿಲ್ಲ. 1685ರಲ್ಲಿ ಆಂದ್ರೆಯಾ ಪೊಜ್ಜೊ ಎಂಬ ಜೆಸ್ವಿಟ್ ಚಿತ್ರಕಾರ ಚಪ್ಪಟೆ ಕ್ಯಾನ್ವಾಸ್ ಮೇಲೆ ಗುಮ್ಮಟವನ್ನು ಬರೆದುಕೊಟ್ಟ. ಎಲ್ಲಿ ನಿಂತು ನೋಡಬೇಕು ಅಂತ ನೆಲದ ಮೇಲೆ ಅಮೃತಶಿಲೆಯ ದುಂಡು ಗುರುತೂ ಇದೆ. ಅಲ್ಲಿ ನಿಂತರೆ ನಿಜವಾದ ಗುಮ್ಮಟವೇ. ಮುಂದೆ ನಾಲ್ಕು ಹೆಜ್ಜೆ ಇಟ್ಟರೆ ಅದು ಮೆಲ್ಲಗೆ ವಾಲುತ್ತದೆ, ಸೊಟ್ಟಗಾಗುತ್ತದೆ, ಕೊನೆಗೆ ಬರೀ ಬಣ್ಣ. ನಾನು ಮಗು ಥರ ಹಿಂದೆ ಮುಂದೆ ಓಡಾಡಿದೆ. ಆ ಗುರುತಿನ ಮೇಲೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಮಧ್ಯದ ದೊಡ್ಡ ಚಾವಣಿಯೂ ಅವನದೇ. ಮೂಲೆಗಳಲ್ಲಿ ನಾಲ್ಕು ಖಂಡಗಳನ್ನು ಹೆಂಗಸರ ರೂಪದಲ್ಲಿ ಬರೆದಿದ್ದಾನೆ. ನಮ್ಮ ಏಷ್ಯಾ ಒಂಟೆ ಮೇಲೆ ಕೂತಿದ್ದಾಳೆ.

ಹತ್ತು ನಿಮಿಷ ನಡೆದರೆ ಸಾನ್ ಲುಯಿಜಿ ಚರ್ಚ್. ಕರವಾಜ್ಜೊ ಬರೆದ ಸಂತ ಮತ್ತಾಯನ ಮೂರು ಚಿತ್ರಗಳು ಅಲ್ಲಿವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಬೇರೆ ಯಾರಾದರೂ ಹಾಕಲಿ ಅಂತ ಎಲ್ಲರೂ ಕಾದು ನಿಂತಿರುತ್ತಾರೆ. ನಾನು ಹಾಕಿದೆ. ಮೂವತ್ತು ಫೋನ್ ಮೇಲೆದ್ದವು. ಫೋನ್‌ಗಳ ಸಂದಿಯಲ್ಲಿ ನನಗೆ ಕಂಡಿದ್ದು ಮತ್ತಾಯನ ಒಂದು ಕೈ. ದೀಪ ಆರಿತು.

‘ಕತ್ತು ನೋವಿರುವವರಿಗೆ ಕನ್ನಡಿ ಅನುಕೂಲ ಅಲ್ವಾ’ ಅಂದರು ನಮ್ಮ ಯಜಮಾನರು. ಇರಬಹುದು. ಆದರೆ ಆ ಕ್ಯೂನಲ್ಲಿ ಇಪ್ಪತ್ತೈದು ದಾಟಿದವರು ಎಷ್ಟು ಜನ ಇದ್ದರು? ಅವರ ಕತ್ತು ನೋವು ಚಾವಣಿ ನೋಡಿ ಬಂದಿದ್ದಂತೂ ಅಲ್ಲ.

ಈಗ ನಿಜ ಹೇಳಿಬಿಡುತ್ತೇನೆ, ಬೈಬೇಡಿ. ಆ ಕ್ಯೂನಲ್ಲಿ ನಾನೂ ನಿಂತಿದ್ದೆ. ನಲವತ್ತು ನಿಮಿಷ. ಸುಮ್ನೆ, ಎಲ್ಲರೂ ನಿಂತಿದ್ದಾರಲ್ಲ ಅಂತ. ಈಗ ಹಾಕಿಕೊಂಡಿರುವ ಪ್ರೊಫೈಲ್ ಫೋಟೊ ಅದೇ. ನನ್ನ ಎರಡೂ ಗದ್ದ ಚೆನ್ನಾಗಿ ಬಂದಿವೆ. ಒಂಟೆ ಬಂದಿಲ್ಲ.