ಸರ್ಕಾರ ಇಲ್ಲದ ಊರಲ್ಲೂ ತೆರಿಗೆ ಇತ್ತು

ಟ್ಯಾಕ್ಸ್ ಅಂದರೆ ಹಗಲು ದರೋಡೆ, ಸರ್ಕಾರ ಇಲ್ಲದಿದ್ದರೂ ಜನ ಹೇಗೋ ಬದುಕಿಕೊಳ್ಳುತ್ತಾರೆ, ಹಿಂದೆ ನಮ್ಮ ಹಳ್ಳಿಗಳು ತಮ್ಮ ಪಾಡಿಗೆ ತಾವು ನಡೆಯುತ್ತಿರಲಿಲ್ವಾ ಅಂತ ಸ್ನೇಹಿತರೊಬ್ಬರ ವಾದ. ಸಿಟ್ಟು ಅರ್ಥವಾಗುತ್ತೆ. ಆದರೆ ಆ ಹಳ್ಳಿ ನಡೆಯುತ್ತಿದ್ದದ್ದು ಹೇಗೆ?

ಬಯಲುಸೀಮೆಯ ಕೆರೆಯನ್ನೇ ತಗೊಳ್ಳಿ. ಕೆರೆ ಇದ್ದ ಊರಲ್ಲಿ ನೀರುಗಂಟಿ ಇರುತ್ತಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿ ನೀರು ಹಾಯಿಸುವುದು, ಮಳೆ ಜೋರಾದ ರಾತ್ರಿ ಏರಿ ಮೇಲೆ ಓಡಾಡಿ ಎಲ್ಲಾದರೂ ಸೋರುತ್ತಿದೆಯಾ ಅಂತ ಕಾಯುವುದು, ಎಲ್ಲ ಅವರದೇ. ಅದಕ್ಕೆ ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಕಣದಲ್ಲೇ ಆಯ, ಅಂದರೆ ಬೆಳೆಯಲ್ಲಿ ಅವರ ಪಾಲು, ಅಳೆದು ಕೊಡಬೇಕು. ಹೂಳೆತ್ತೋಕೆ ಮನೆಯಿಂದ ಆಳು ಕಳಿಸಬೇಕು. ನಾನು ಕೊಡಲ್ಲ, ನನ್ನಿಷ್ಟ ಅಂದರೆ ಊರು ಸುಮ್ನೆ ಬಿಡುತ್ತಿತ್ತಾ? ಇದು ತೆರಿಗೆ ಅಲ್ಲದೆ ಇನ್ನೇನು ಸ್ವಾಮಿ, ರಸೀದಿ ಇರಲಿಲ್ಲ ಅಷ್ಟೇ.

ಇನ್ನೊಂದು ವಿಷಯವನ್ನು ಹಳೇ ಕಾಲ ಹೊಗಳುವವರು ಹೇಳೋದೇ ಇಲ್ಲ. ಬಹಳ ಊರುಗಳಲ್ಲಿ ಈ ಕೆಲಸ ದಲಿತರದು. ಊರ ಗದ್ದೆಗೆಲ್ಲ ನೀರು ಹಾಯಿಸುವವರು ಅದೇ ಊರಿನ ಬಾವಿಯಲ್ಲಿ ಕೊಡ ಇಳಿಸುವ ಹಾಗಿರಲಿಲ್ಲ. ಇದು ನಡೆಯಲ್ಲ ಅಂತ ಊರು ತಾನಾಗಿ ಹೇಳಲಿಲ್ಲ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ ಅಂತ ಹೆಸರು ಹಿಡಿದೇ ಹೇಳಬೇಕಾಯಿತು. ಈಗಲೂ ಪೂರ್ತಿ ಸರಿಹೋಗಿಲ್ಲ, ಗೊತ್ತು. ದೂರು ಕೊಡೋಕೆ ಒಂದು ಜಾಗ ಅಂತಾದರೂ ಇದೆಯಲ್ಲ.

ಪೋಲಿಯೊ ಕೂಡ ಹಾಗೇ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಗಿ, 2014ರಲ್ಲಿ ದೇಶ ಪೋಲಿಯೊಮುಕ್ತ ಅನ್ನಿಸಿಕೊಳ್ಳುವವರೆಗೆ, ಬಸ್ ಸ್ಟ್ಯಾಂಡಿನಲ್ಲೂ ಟೇಬಲ್ ಹಾಕಿಕೊಂಡು ಕೂತು ಸಿಕ್ಕ ಮಗುವಿನ ಬಾಯಿಗೆಲ್ಲ ಎರಡು ಹನಿ ಹಾಕಿ ಬೆರಳಿಗೆ ಮಸಿ ಹಚ್ಚಿದ್ದನ್ನು ಲಾಭಕ್ಕೆ ಯಾರು ಮಾಡುತ್ತಿದ್ದರು?

ಹಾಗಂತ ವಸೂಲಿ ಮಾಡುವ ರೀತಿಯೆಲ್ಲ ಸರಿ ಅಂತ ನಾನು ಹೇಳಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಆದರೂ ತರಕಾರಿ ಮಾರುವವರಿಗೂ ಹೋಯಿತು! ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಬಿದ್ದವು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ಅಂದರೆ ದಿನಕ್ಕೆ ಹನ್ನೊಂದು ಸಾವಿರ. ಅದು ಗಲ್ಲಾಪೆಟ್ಟಿಗೆಗೆ ಬಂದ ದುಡ್ಡು, ಲಾಭ ಅಲ್ಲ. ಇದು ನೋಟಿಸ್ ಕಳಿಸುವವರಿಗೆ ಗೊತ್ತಿರಲ್ವಾ?

ಆಯ ಕೊಟ್ಟವನಿಗೆ ಒಂದು ಅನುಕೂಲ ಇತ್ತು. ಅವನು ಅಳೆದು ಕೊಟ್ಟ ಭತ್ತ ಯಾರ ಮನೆಗೆ ಹೋಯಿತು, ಬದಲಿಗೆ ನೀರು ಬಂತಾ ಇಲ್ವಾ ಅನ್ನೋದು ಕಣ್ಣೆದುರೇ ಇತ್ತು. ಸೋಪು ಕೊಂಡಾಗ ನಾವು ಕಟ್ಟಿದ ಜಿಎಸ್‌ಟಿ ಎಲ್ಲಿಗೆ ಹೋಯಿತು ಅಂತ ಯಾರಿಗೆ ಗೊತ್ತು? ನನ್ನ ತಕರಾರು ಇರೋದು ಇಲ್ಲಿ, ತೆರಿಗೆ ಮೇಲಲ್ಲ. ಕೊನೇ ಪಕ್ಷ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಅಂತ ಇದೆ, ಖರ್ಚಿನ ಲೆಕ್ಕವನ್ನು ಜನರ ಮುಂದೆ ಇಡಬೇಕು, ಆದ ಕೆಲಸ ತೋರಿಸಬೇಕು. ಟ್ಯಾಕ್ಸ್ ದರೋಡೆ ಅನ್ನುವ ಸ್ನೇಹಿತರು ತಮ್ಮೂರ ಜಮಾಬಂದಿಗೆ ಯಾವತ್ತಾದರೂ ಹೋಗಿದ್ದಾರಾ? ಹೋದವರಿದ್ದರೆ ಅಲ್ಲಿ ಏನಾಯಿತು ಅಂತ ಕೆಳಗೆ ಬರೀರಿ.