ಹದಿನೈದು ರೂಪಾಯಿ ಬಾಕಿ

ಹೋದ ವಾರ ಒಂದು ಹುಡುಗಿ ಫೋನ್ ಮಾಡಿದಳು. ಕೆಲಸಕ್ಕೆ ಸೇರುವವರ ಪೂರ್ವಾಪರ ವಿಚಾರಿಸುವ ಕಂಪನಿಯವಳಂತೆ. ರಿಟೈರಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ಕಾಲಿಗೂ ಅಡ್ಡ ಸಿಗುತ್ತಿದ್ದೇನೆ ಅಂತ ನನಗೇ ಗೊತ್ತಾಗಿ, ಒಂದು ಸಣ್ಣ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಲೆಕ್ಕ ನೋಡಿಕೊಳ್ಳಲು ಒಪ್ಪಿದ್ದೆ. ಅದಕ್ಕೇ ಈ ವಿಚಾರಣೆ.

"ಸರ್, ನೀವು ಬುಕ್ ಕೀಪಿಂಗ್ ಓದಿದ ಇನ್‌ಸ್ಟಿಟ್ಯೂಟಿನ ಇಮೇಲ್ ಐಡಿ ಕೊಡಿ."

ಇಮೇಲ್ ಐಡಿ! ಆ ಇನ್‌ಸ್ಟಿಟ್ಯೂಟಿಗೆ ಫೋನೇ ಇರಲಿಲ್ಲ. ಎದುರಿನ ಸೌದೆ ಡಿಪೋಗೆ ಫೋನ್ ಮಾಡಿದರೆ ಅಲ್ಲಿಂದ ಒಬ್ಬ ಹುಡುಗ ಓಡಿ ಬಂದು ಕೂಗುತ್ತಿದ್ದ. "ಪರೀಕ್ಷೆ ಮಾಡಿದ್ದು, ಸರ್ಟಿಫಿಕೇಟ್ ಕೊಟ್ಟಿದ್ದು ಸರ್ಕಾರದ ಮಂಡಳಿ ಕಣಮ್ಮಾ, ಅದನ್ನ ಕಳಿಸಿದೀನಲ್ಲ," ಅಂದೆ. "ಅದು ಓಕೆ ಸರ್, ಓದಿದ ಸಂಸ್ಥೆ ಅಂತ ಇನ್ನೊಂದು ಕಾಲಂ ಇದೆ. ಖಾಲಿ ಬಿಟ್ರೆ ಸಿಸ್ಟಂ ಮುಂದಕ್ಕೆ ಹೋಗಲ್ಲ." ಸಿಸ್ಟಂ ಅಂದಮೇಲೆ ಮುಗಿಯಿತು. ಮೊದಲೆಲ್ಲ ಗುಮಾಸ್ತರು ಸತಾಯಿಸಿದರೆ ಅವರ ಮುಖ ನೋಡಿಕೊಂಡಾದರೂ ಬೈಯಬಹುದಿತ್ತು.

ಸರಿ, ಚಾಮರಾಜಪೇಟೆಗೆ ಹೋದೆ. 1892ರಲ್ಲಿ ಅಳತೆ ಹಾಕಿ ಕಟ್ಟಿದ ಬಡಾವಣೆ, ಅದಕ್ಕೇ ಐದೂ ಮೇನ್ ರೋಡುಗಳು ಗೆರೆ ಎಳೆದಂತೆ ನೆಟ್ಟಗಿವೆ. ಗಾಡಿ ನಿಲ್ಲಿಸಲು ಮಾತ್ರ ಎಲ್ಲೂ ಜಾಗವಿಲ್ಲ. ನಮ್ಮ ಇನ್‌ಸ್ಟಿಟ್ಯೂಟ್ ಇದ್ದ ಹಜಾರದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. 1981ರಲ್ಲಿ ಅಲ್ಲಿ ಬೆಳಿಗ್ಗೆ ಏಳಕ್ಕೇ ಎ ಎಸ್ ಡಿ ಎಫ್ ಕುಟ್ಟುವ ಸದ್ದು ಶುರುವಾಗುತ್ತಿತ್ತು. ಹಿಂದಿನ ಕತ್ತಲೆ ಕೋಣೆಯಲ್ಲಿ ನಾವು ಹತ್ತು ಹದಿನೈದು ಜನ ಡೆಬಿಟ್ಟು ಕ್ರೆಡಿಟ್ಟು ಕಲಿಯುತ್ತಿದ್ದೆವು. ಮೇಷ್ಟ್ರು ಈಗಿಲ್ಲ. ಮಗ ಹಿಂದಿನ ಮನೆಯಲ್ಲೇ ಇದ್ದಾರೆ. "ಅಪ್ಪನ ರಿಜಿಸ್ಟರುಗಳು ಅಟ್ಟದ ಮೇಲಿವೆ ಸಾರ್, ರದ್ದಿಗೆ ಹಾಕೋಕೆ ಮನಸ್ಸು ಬರಲಿಲ್ಲ," ಅಂದರು. ಅವರ ಹೆಂಡತಿಯ ಮುಖ ನೋಡಿದರೆ ಅವರಿಗೆ ಆ ಮನಸ್ಸು ಎಂದೋ ಬಂದಿತ್ತು ಅನ್ನಿಸಿತು.

ಎರಡು ಟ್ರಂಕು ಇಳಿಸಿದೆವು. ಮುಚ್ಚಳ ತೆಗೆದು ಆ ಧೂಳಿನ ವಾಸನೆ ಮೂಗಿಗೆ ಬಡಿದ ಗಳಿಗೆಯಲ್ಲಿ ಲೆಕ್ಕದ ಬಗ್ಗೆ, ಮನುಷ್ಯರ ನೆನಪಿನ ಬಗ್ಗೆ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕಗಳು. ಅವೆನ್ಯೂ ರೋಡಿನಿಂದ ತಂದವು. ಪುಟದಲ್ಲಿ ರೂಪಾಯಿ, ಆಣೆ, ಪೈ ಅಂತ ಮೂರು ಕಾಲಂ ಅಚ್ಚಾಗಿದ್ದವು. 1957ರ ಏಪ್ರಿಲ್ 1ಕ್ಕೆ ಹದಿನಾರಾಣೆ ಲೆಕ್ಕ ಹೋಗಿ ನೂರು ನಯಾಪೈಸೆ ಬಂತಲ್ಲ, ಆ ದಿನದ ಪುಟದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಪೈ ಕಾಲಂ ಹೊಡೆದುಹಾಕಿ, ಆಣೆಯ ಮೇಲೆ 'ನ.ಪೈ.' ಅಂತ ಬರೆದಿದ್ದರು. ಆಣೆ ಪೈ ಕಾಲಮ್ಮಿನ ಪುಸ್ತಕ ಆಮೇಲೆ ಅಗ್ಗಕ್ಕೆ ಸಿಕ್ಕಿತೋ ಏನೋ, ಮೇಷ್ಟ್ರು ಅವುಗಳ ದೊಡ್ಡ ದಾಸ್ತಾನೇ ಮಾಡಿಟ್ಟಿರಬೇಕು. ನಾವು ಸೇರಿದ ವರ್ಷವೂ ಅದೇ ಪುಸ್ತಕ, ಪುಟಪುಟಕ್ಕೂ ಅದೇ ತಿದ್ದುಪಡಿ.

ಜಿಪುಣರು ಅಂತಲ್ಲ, ಪುಸ್ತಕ ಅಂದರೆ ಅವರಿಗೆ ಭಕ್ತಿ. ವೆನಿಸ್ಸಿನಲ್ಲಿ 1494ರಲ್ಲಿ ಅಚ್ಚಾದ ಪುಸ್ತಕದಲ್ಲಿ ಲೂಕಾ ಪಚೋಲಿ ಅನ್ನುವ ಸನ್ಯಾಸಿ ಈ ಎರಡು ಬದಿಯ ಲೆಕ್ಕವನ್ನು ವಿವರಿಸಿದ್ದಾನೆ ಅಂತ ಪಾಠದಲ್ಲಿತ್ತು. ಮೇಷ್ಟ್ರು ಅದನ್ನು ಒಂದೇ ಉಸಿರಿಗೆ ಮುಗಿಸಿ ನಮ್ಮ ಕಡತಕ್ಕೆ ಬರುತ್ತಿದ್ದರು. ಈಗ ನಾವು ಫೈಲಿಗೆ ಕಡತ ಅನ್ನುತ್ತೇವೆ. ನಿಜವಾದ ಕಡತ ಬಟ್ಟೆಯದು. ಹುಣಿಸೆ ಬೀಜದ ಸರಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳ ರಾಶಿಯೇ ಇದೆ. ಬೇಡವಾದರೆ ಅಳಿಸಿ ಮತ್ತೆ ಕಪ್ಪು ಬಳಿದು ಬರೆಯಬಹುದು. ಮೇಷ್ಟ್ರಿಗೆ ಕಡತದಲ್ಲಿ ಹಿಡಿಸದೇ ಇದ್ದದ್ದು ಇದೊಂದೇ. "ಲೆಕ್ಕದಲ್ಲಿ ಅಳಿಸೋದು ಅಂದ್ರೆ ಕಳ್ಳತನ ಕಣ್ರೋ. ತಪ್ಪಾದ್ರೆ ಇನ್ನೊಂದು ಎಂಟ್ರಿ ಹಾಕಿ ಸರಿ ಮಾಡಿ," ಅಂತ ರೂಲುದೊಣ್ಣೆಯಲ್ಲಿ ಮೇಜು ಕುಟ್ಟುತ್ತಿದ್ದರು.

ನನ್ನ ವರ್ಷದ ಫೀ ರಿಜಿಸ್ಟರ್ ಸಿಕ್ಕಿತು. ನನ್ನ ಹೆಸರೂ ಸಿಕ್ಕಿತು. ಅದರ ಮುಂದೆ ಮುತ್ತು ಪೋಣಿಸಿದಂತಹ ಅಕ್ಷರದಲ್ಲಿ: ಬಾಕಿ ರೂ. 15.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೇಷ್ಟ್ರಿಗೆ ಏಳೂವರೆಗೆ ಕಾಫಿ ಬೇಕು. ಟೈಪಿಂಗ್ ನೋಡಿಕೊಳ್ಳುವವರ ಜೊತೆ ಬೈ ಟೂ. ಫ್ಲಾಸ್ಕು ಹಿಡಿದು ಮೂಲೆಯ ಹೋಟೆಲಿಗೆ ಹೋಗುವ ಕೆಲಸ ನನ್ನದು, ಯಾಕೆಂದರೆ ನಾನು ಬಾಗಿಲ ಪಕ್ಕ ಕೂರುತ್ತಿದ್ದೆ. ಮೊದಲ ವಾರ ಚಿಲ್ಲರೆ ಕೊಟ್ಟರು. ಎರಡನೇ ವಾರ ಜೇಬು ತಡಕಿ, "ಈಗ ನೀನೇ ಕೊಟ್ಟಿರಪ್ಪ, ಫೀಸಲ್ಲಿ ಮುರಿದುಕೊಳ್ಳೋಣ," ಅಂದರು. ಆಮೇಲೆ ಜೇಬು ತಡಕುವುದನ್ನೂ ಬಿಟ್ಟರು. ಹೀಗೆ ಮೂರು ತಿಂಗಳು. ವಾರಕ್ಕೆ ಐದು ದಿನದಂತೆ ಅರವತ್ತು ಕಾಫಿ. ಒಂದಕ್ಕೆ ಕಮ್ಮಿ ಅಂದರೆ ನಾಲ್ಕಾಣೆ ಹಿಡಿಯಿರಿ, ಸರಿಯಾಗಿ ಹದಿನೈದು ರೂಪಾಯಿ. ನಾಲ್ಕಾಣೆಗೆ ಅಲ್ಲಿ ಕಾಫಿ ಕೊಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು, ಮೇಷ್ಟ್ರ ಮರ್ಯಾದೆಗೆ ಅದನ್ನು ಬಿಟ್ಟಿದ್ದೇನೆ. ಕೊನೆಯ ತಿಂಗಳ ಫೀಸು ನಾನು ಕೊಡಲಿಲ್ಲ, ಅವರೂ ಕೇಳಲಿಲ್ಲ. ಲೆಕ್ಕ ಚುಕ್ತಾ ಆಯಿತು ಅಂದುಕೊಂಡು ನಾಲ್ಕು ದಶಕ ನೆಮ್ಮದಿಯಾಗಿದ್ದೆ.

ತೆಗೆದುಕೊಂಡವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ಬಾಯಿಪಾಠ ಮಾಡಿಸಿದವರು ಅವರೇ. ಕಾಫಿ ತೆಗೆದುಕೊಂಡವರು ಯಾರು? ಕೊಟ್ಟವನು ಯಾರು? ಒಂದು ಬದಿ ಬರೆದು ಇನ್ನೊಂದು ಬದಿ ಬಿಟ್ಟರೆ ನಮ್ಮ ಬೆರಳಿನ ಗೆಣ್ಣಿಗೆ ರೂಲುದೊಣ್ಣೆ ಬೀಳುತ್ತಿತ್ತು. ಕ್ಯಾಷ್ ಬುಕ್ ತೆಗೆಸಿ ಆ ಮೂರು ತಿಂಗಳ ಪುಟ ಪೂರ್ತಿ ನೋಡಿದೆ. ಸೀಮೆಸುಣ್ಣ ಇದೆ, ಟೈಪ್‌ರೈಟರ್ ರಿಬ್ಬನ್ ಇದೆ, ಗುಡಿಸುವವಳಿಗೆ ದಸರಾ ಇನಾಮು ಎರಡು ರೂಪಾಯಿ ಇದೆ. ಒಂದೇ ಒಂದು ಕಾಫಿ ಇಲ್ಲ!

"ಪೆನ್ ಇದೆಯಾ?" ಅಂತ ಮಗನನ್ನು ಕೇಳಿದೆ. ಅಳಿಸುವುದಿಲ್ಲ, ಕೆಳಗೆ ಒಂದು ತಿದ್ದುಪಡಿ ಎಂಟ್ರಿ ಅಷ್ಟೇ ಅಂತ ವಿವರಿಸಿದೆ. ಅವರು ಮೆಲ್ಲಗೆ ಪುಸ್ತಕ ಮುಚ್ಚಿ, "ಬೇಡ ಸಾರ್, ಅಪ್ಪನ ಪುಸ್ತಕದಲ್ಲಿ ಇನ್ನೊಬ್ಬರ ಅಕ್ಷರ ಇಲ್ಲ," ಅಂದರು. ಹಾಗಾದರೆ ಹದಿನೈದು ರೂಪಾಯಿ ನೀವೇ ಇಟ್ಟುಕೊಳ್ಳಿ ಅಂತ ನೋಟು ತೆಗೆದೆ. "ಯಾವ ಖಾತೆಗೆ ಜಮಾ ಮಾಡ್ಲಿ ಸಾರ್?" ಅಂತ ನಕ್ಕರು. ಕಾಫಿ ಕೊಟ್ಟರು. ಚೆನ್ನಾಗಿತ್ತು, ಆದರೂ ಮನಸ್ಸಿನಲ್ಲೇ ಐವತ್ತೊಂಬತ್ತು ಉಳಿಯಿತು ಅಂದುಕೊಂಡೆ.

ಮನೆಯಲ್ಲಿ ಹೇಳಿದರೆ ನನ್ನವಳು, "ತೀರಿಕೊಂಡವರ ಹತ್ರ ಕಾಫಿ ದುಡ್ಡು ಕೇಳ್ತೀರಲ್ಲ, ನಾಚಿಕೆ ಆಗಲ್ವಾ?" ಅಂದಳು. ನಾಚಿಕೆಯ ಪ್ರಶ್ನೆ ಅಲ್ಲ, ತಾಳೆಯ ಪ್ರಶ್ನೆ. ಈ ಗಲಾಟೆಯಲ್ಲಿ ಟ್ರಂಕು ತೆಗೆದಾಗ ಹೊಳೆದ ಆ ದೊಡ್ಡ ವಿಷಯ ಮರೆತೇಹೋಗಿದೆ. ನೆನಪಿಸಿಕೊಳ್ಳೋಣ ಅಂತ ಕೂತರೆ ಫ್ಲಾಸ್ಕೇ ಕಣ್ಣಮುಂದೆ ಬರುತ್ತದೆ.

ಪುಟದ ಫೋಟೋ ತೆಗೆದುಕೊಂಡು ಬಂದಿದ್ದೆನಲ್ಲ, ಆ ಹುಡುಗಿಗೆ ವಾಟ್ಸಾಪ್ ಮಾಡಿದೆ. ಸಂಸ್ಥೆ ಇತ್ತು, ನಾನು ಅಲ್ಲಿದ್ದೆ, ಇದಕ್ಕಿಂತ ಸಾಕ್ಷಿ ಬೇಕಾ? ಐದು ನಿಮಿಷಕ್ಕೆ ಉತ್ತರ ಬಂತು: "ಥ್ಯಾಂಕ್ಯೂ ಸರ್. ಇದರಲ್ಲಿ ಬಾಕಿ ಅಂತ ಇದೆ. ನೋ ಡ್ಯೂಸ್ ಲೆಟರ್ ಇದ್ರೆ ಕಳಿಸಿ."

ಇನ್ನೂ ಉತ್ತರ ಕೊಟ್ಟಿಲ್ಲ. ಅರವತ್ತು ಕಾಫಿಗೆ ವೋಚರ್ ಬರೆಯುತ್ತಾ ಕೂತಿದ್ದೇನೆ.